ಎಂಟು ಕಿವಿ, ಐದು ಸಾವಿರ ರೂಪಾಯಿ

ನಮ್ಮ ಮನೆಯಲ್ಲಿ ನಾಲ್ಕು ಜನ, ಎಂಟು ಕಿವಿ. ಲೆಕ್ಕಕ್ಕೆ ಎಂಟಾದರೂ ಕೆಲಸಕ್ಕೆ ಬರುವುದು ಆರು. ನನ್ನವು ಎರಡು, ಅಮ್ಮನವು ಎರಡು ಸರಿಯಾಗಿವೆ. ತಮ್ಮನಿಗೆ ಬಲಗಿವಿ ಮಾತ್ರ ಕೇಳುತ್ತದೆ. ಅಪ್ಪನವು ಎರಡೂ ಅರ್ಧರ್ಧ. ಎರಡು ಅರ್ಧ ಸೇರಿಸಿ ಒಂದು ಎಂದು ಹಿಡಿದಿದ್ದೇನೆ. ಕಿವಿಯ ವಿಷಯದಲ್ಲಿ ಗಣಿತ ಹಾಗೆ ನಡೆಯುವುದಿಲ್ಲ ಎಂಬುದು ಬೇರೆ ಮಾತು.

ಕಳೆದ ದೀಪಾವಳಿಗೆ ನಾನು ಪ್ರೂಫ್ ನೋಡುವ ಮುದ್ರಣಾಲಯದಲ್ಲಿ ಬೋನಸ್ ಎಂದು ಐದು ಸಾವಿರ ರೂಪಾಯಿ ಕೊಟ್ಟರು. ಹಬ್ಬಕ್ಕೆ ಬಟ್ಟೆ ತರೋಣವೆಂದರೆ ತಮ್ಮ, "ನೇಕಾರರ ಮನೆಗೆ ಬಟ್ಟೆ ಯಾಕಕ್ಕ? ಎಲ್ಲರಿಗೂ ಒಂದೊಂದು ಇಯರ್‌ಬಡ್ ತಾ" ಎಂದ. ಒಂದೇ ಥರದ್ದು ನಾಲ್ಕು ಕೊಂಡರೆ ಅಂಗಡಿಯವನು ಸ್ವಲ್ಪ ಬಿಡುತ್ತಾನೆ ಎಂದು ಅಮ್ಮ ಸಲಹೆ ಕೊಟ್ಟಳು. ಒಂದೇ ಥಾನಿನಲ್ಲಿ ಮನೆಮಂದಿಗೆಲ್ಲ ಅಂಗಿ ಹೊಲಿಸುತ್ತಿದ್ದ ಕಾಲದ ಸಲಹೆ ಅದು. ಅಂಗಿಗಾದರೆ ನಡೆದೀತು, ಅಳತೆ ನೋಡಿ ಕತ್ತರಿಸಿದರಾಯಿತು. ಕಿವಿಗೆ ನಡೆಯುವುದಿಲ್ಲ ಎಂದು ನನಗೆ ಅನ್ನಿಸಿತು. ಯಾಕೆ ನಡೆಯುವುದಿಲ್ಲ ಎಂದು ಬಿಡಿಸಿ ಹೇಳಲು ಆಗ ಬರಲಿಲ್ಲ.

ಕೊಳ್ಳುವ ಮೊದಲು ನಾಲ್ಕಾರು ವಿಮರ್ಶೆ ಓದಿದೆ, ವಿಡಿಯೋ ನೋಡಿದೆ. ಬೇಸ್ ಹೇಗಿದೆ, ಬ್ಯಾಟರಿ ಎಷ್ಟು ಗಂಟೆ, ಡಬ್ಬಿ ಎಷ್ಟು ಚಂದ, ಎಲ್ಲವೂ ಅವುಗಳಲ್ಲಿತ್ತು. ಕಿವಿಯ ಬಗ್ಗೆ ಮಾತ್ರ ಏನೂ ಇರಲಿಲ್ಲ. ಕೇಳುವವರೆಲ್ಲ ಇಪ್ಪತ್ತೆರಡರ ಹರೆಯದವರು, ಎರಡು ಕಿವಿಯೂ ಹೊಚ್ಚ ಹೊಸದು ಎಂದು ಆ ವಿಮರ್ಶೆಗಳೆಲ್ಲ ನಂಬಿಕೊಂಡ ಹಾಗಿತ್ತು. ಚಪ್ಪಲಿ ಅಂಗಡಿಯಲ್ಲಿ ಮೊದಲು ಕಾಲು ನೋಡುತ್ತಾರೆ, ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುತ್ತಾರೆ. ಇಯರ್‌ಬಡ್ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಮೇಡಂ?"

ಆ ಪ್ರಶ್ನೆಯನ್ನು ನನಗೆ ಕೇಳಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯ ಹುಡುಗ. ಪಾಪ, ಬಲು ಉತ್ಸಾಹಿ. ಗಾಜಿನ ಮೇಲೆ ಹತ್ತು ಡಬ್ಬಿ ಸಾಲಾಗಿ ಇಟ್ಟು ಒಂದೊಂದರ ಮೇಲಿನ ಅಕ್ಷರ ಓದಿ ಹೇಳಿದ. 13 ಮಿಲಿಮೀಟರ್ ಡ್ರೈವರ್, 50 ಗಂಟೆ ಪ್ಲೇಟೈಮ್, ಇ.ಎನ್.ಸಿ., ಎ.ಎನ್.ಸಿ., ಐಪಿಎಕ್ಸ್4. ಪ್ರೂಫ್ ನೋಡುವವಳಾದ್ದರಿಂದ ಅಕ್ಷರ ಕಂಡರೆ ನಿಂತು ಓದುವುದು ನನ್ನ ಅಭ್ಯಾಸ. ಹೀಗೆ ಓದಿ, ಕೇಳಿ ತಿಳಿದುಕೊಂಡ ನಾಲ್ಕು ಮಾತನ್ನು ಇಲ್ಲಿ ಬರೆದಿಡುತ್ತೇನೆ.

ಡ್ರೈವರ್ ಎಂದರೆ ಬಡ್‌ನೊಳಗಿನ ಪುಟ್ಟ ಸ್ಪೀಕರು. ಅದು ದೊಡ್ಡದಾದ ಮಾತ್ರಕ್ಕೆ ಧ್ವನಿ ಚೆನ್ನಾಗಿರಬೇಕೆಂದೇನಿಲ್ಲ. ಐವತ್ತು ಗಂಟೆ ಎಂಬುದು ಡಬ್ಬಿಯ ಚಾರ್ಜನ್ನೂ ಸೇರಿಸಿದ ಲೆಕ್ಕ. ಬಡ್ ಒಂದೇ ಸಮ ನಡೆಯುವುದು ಅದರಲ್ಲಿ ಸಣ್ಣ ಪಾಲು. ಐಪಿಎಕ್ಸ್4 ಇದ್ದರೆ ಬೆವರಿಗೂ ತುಂತುರಿಗೂ ಹೆದರಬೇಕಿಲ್ಲ, ಹಾಗೆಂದು ನೀರಿನಲ್ಲಿ ಅದ್ದುವಂತಿಲ್ಲ. ಇನ್ನು ಇ.ಎನ್.ಸಿ. ಮತ್ತು ಎ.ಎನ್.ಸಿ. ಅಕ್ಷರದಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಇವೆರಡರ ಕೆಲಸ ಬೇರೆ ಬೇರೆ. ಇ.ಎನ್.ಸಿ. ಇರುವುದು ಮೈಕಿಗೆ. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕೇಳಿಸದಂತೆ ಅದು ನೋಡಿಕೊಳ್ಳುತ್ತದೆ. ನಿಮ್ಮ ಕಿವಿಗೆ ಅದರಿಂದ ಏನೂ ಇಲ್ಲ. ಎ.ಎನ್.ಸಿ. ಇರುವುದು ನಿಮ್ಮ ಕಿವಿಗೆ. ಹೊರಗಿನ ಸದ್ದನ್ನು ಒಂದು ಪುಟ್ಟ ಮೈಕು ಕೇಳಿಸಿಕೊಂಡು, ಆ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಉಬ್ಬಿಗೆ ತಗ್ಗು ಸೇರಿ ಸಪಾಟಾಗುತ್ತದೆ. ಅಗ್ಗದ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿರುವುದು ಹೆಚ್ಚಾಗಿ ಇ.ಎನ್.ಸಿ. ಅದನ್ನೇ ಎ.ಎನ್.ಸಿ. ಎಂದುಕೊಂಡು ಕೊಂಡೊಯ್ಯುವವರು ಬಹಳ ಮಂದಿ. ಸದ್ದು ಅಡಗಿಸುವ ಸಾಮಾನು ಮಾರುವ ಒಂದು ಕಂಪನಿಯ ಹೆಸರೇ ನಾಯ್ಸ್ ಎಂದಿರುವ ಈ ಲೋಕದಲ್ಲಿ ಗಲಿಬಿಲಿ ಸಹಜವೇ.

ಮೊದಲು ನನ್ನದನ್ನು ಮುಗಿಸಿಬಿಡುತ್ತೇನೆ, ನನ್ನದು ಸುಲಭ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ವಾರಕ್ಕೆ ಆರು ದಿನ. ದಿನವಿಡೀ ಅಕ್ಷರ ನೋಡಿ ದಣಿದ ಕಣ್ಣಿಗೆ ಬಸ್ಸಿನಲ್ಲಿ ಓದಲಾಗುವುದಿಲ್ಲ, ಹಾಗಾಗಿ ಕಥೆ ಕೇಳುತ್ತೇನೆ, ನಾಟಕ ಕೇಳುತ್ತೇನೆ. ಬಸ್ಸಿನ ಎಂಜಿನ್ನಿನದು ತಗ್ಗು ಸ್ವರದ, ಒಂದೇ ಸಮನೆ ಗುಂಯ್‌ಗುಡುವ ಸದ್ದು. ಎ.ಎನ್.ಸಿ. ಗೆಲ್ಲುವುದು ಇಂಥ ಸದ್ದನ್ನೇ. ಕಂಡಕ್ಟರರ ಸೀಟಿ, ಮಗುವಿನ ಅಳು, ಪಕ್ಕದವರ ಫೋನು ಇವುಗಳ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಅವನ್ನು ತಡೆಯುವುದು ಬಡ್‌ನ ತುದಿಯ ರಬ್ಬರು. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯ ರಬ್ಬರು ಇರುತ್ತವೆ. ಬಹಳ ಜನ ಮೊದಲೇ ತೊಡಿಸಿರುವುದನ್ನೇ ಹಾಕಿಕೊಂಡು ಉಳಿದವನ್ನು ಡಬ್ಬಿಯಲ್ಲೇ ಬಿಡುತ್ತಾರೆ. ಮೂರನ್ನೂ ಹಾಕಿ ನೋಡಬೇಕು. ನನ್ನ ಎಡಗಿವಿಗೆ ಮಧ್ಯಮ, ಬಲಗಿವಿಗೆ ಸಣ್ಣದು ಕೂತಿತು. ಒಬ್ಬಳದೇ ಎರಡು ಕಿವಿ ಒಂದೇ ಅಳತೆಯವಲ್ಲ.

ಗದ್ದಲವನ್ನು ತಡೆಯುವುದು ಬರೀ ಸುಖಕ್ಕಲ್ಲ. ಬಸ್ಸು ಗುಡುಗುತ್ತಿದ್ದರೆ ಅದರ ಮೇಲೆ ಕಥೆ ಕೇಳಬೇಕೆಂದು ನಾವು ವಾಲ್ಯೂಮ್ ಏರಿಸುತ್ತೇವೆ, ಏರಿಸಿದ್ದು ಬಸ್ಸು ಇಳಿದ ಮೇಲೂ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. ದೊಡ್ಡವರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಎರಡು ಪಟ್ಟಾಗುವುದರಿಂದ ಕೇಳುವ ಹೊತ್ತು ಅರ್ಧವಾಗಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90 ಮುಟ್ಟಿದರೆ ವಾರಕ್ಕೆ 4 ಗಂಟೆ. 100ಕ್ಕೆ ಹೋದರೆ ಇಡೀ ವಾರಕ್ಕೆ ಇಪ್ಪತ್ತು ನಿಮಿಷ. ಡೆಸಿಬೆಲ್ ಅಳೆಯಲು ಎಲ್ಲ ಫೋನಿನಲ್ಲೂ ಬರುವುದಿಲ್ಲವಾದ್ದರಿಂದ ಗರಿಷ್ಠದ 60 ಶೇಕಡಾ ದಾಟಬೇಡಿ ಎಂಬ ಸರಳ ಸೂತ್ರವನ್ನೂ ಅವರೇ ಕೊಟ್ಟಿದ್ದಾರೆ. ನನ್ನದು ವಾರಕ್ಕೆ 18 ಗಂಟೆ. 83ರೊಳಗೆ ಇದ್ದರೆ ಬಚಾವು. ಗದ್ದಲ ತಡೆಯುವ ಬಡ್ ಇದ್ದರೆ ಅಷ್ಟರೊಳಗೆ ಇರಬಹುದು, ಇಲ್ಲದಿದ್ದರೆ ಇರಲಾಗುವುದಿಲ್ಲ. ಆದ್ದರಿಂದ ನಾಲ್ವರಲ್ಲಿ ನನ್ನದೇ ದುಬಾರಿಯಾಯಿತು, 1,499 ರೂಪಾಯಿ.

ಅಮ್ಮನದು ಇದಕ್ಕೆ ನೇರ ಉಲ್ಟಾ. ಅವಳ ಕೇಳುವಿಕೆಯೆಲ್ಲ ಅಡುಗೆಮನೆಯಲ್ಲಿ. ಬೆಳಿಗ್ಗೆ ಆಕಾಶವಾಣಿ, ಆಮೇಲೆ ದಾಸರ ಪದ, ಮಧ್ಯಾಹ್ನ ಚಿಕ್ಕಮ್ಮನ ಫೋನು. ಹಾಡು ಕೇಳಬೇಕು, ಜೊತೆಗೆ ಕುಕ್ಕರಿನ ಮೂರನೇ ವಿಷಲ್ ಕೇಳಬೇಕು, ಹಾಲು ಉಕ್ಕುವ ಮೊದಲಿನ ಸಣ್ಣ ಸೀಟಿ ಕೇಳಬೇಕು, ಅಪ್ಪ ಕರೆದದ್ದು ಕೇಳಬೇಕು. ಅವಳ ಕಿವಿಯನ್ನು ರಬ್ಬರಿನಿಂದ ಮುಚ್ಚಿದರೆ ಮನೆ ನಡೆಯುವುದಿಲ್ಲ. ಮೇಲಾಗಿ ಅವಳ ಕಿವಿಯ ತೂತು ಸಣ್ಣದು, ರಬ್ಬರು ಹತ್ತು ನಿಮಿಷಕ್ಕೇ ನೋಯುತ್ತದೆ. ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಮಾಂಗಲ್ಯದ ಸರಕ್ಕೆ ಸಿಕ್ಕಿಕೊಳ್ಳುತ್ತದೆ. ಕಿವಿಯ ಮೇಲೆ ಕೊಕ್ಕೆ ಹಾಕುವ ಥರದ್ದು ಓಲೆಯ ಮಾಟಿಗೆ ತಗಲುತ್ತದೆ. ಡಬ್ಬಿಯ ಮೇಲಿನ ಯಾವ ಅಕ್ಷರವೂ ಮಾಟಿಯ ವಿಷಯ ಹೇಳುವುದಿಲ್ಲ. ಕೊನೆಗೆ ಸಿಕ್ಕಿದ್ದು ರಬ್ಬರಿಲ್ಲದ, ಕಿವಿಯ ಬಟ್ಟಲಿನಲ್ಲಿ ಸುಮ್ಮನೆ ಕೂರುವ ಥರದ್ದು, 999 ರೂಪಾಯಿ. ವಿಮರ್ಶೆಗಳಲ್ಲಿ ಇಂಥದ್ದನ್ನು ಬೇಸ್ ಸಾಲದು, ಹೊರಗಿನ ಸದ್ದು ಒಳಗೆ ಬರುತ್ತದೆ ಎಂದು ಬೈದಿರುತ್ತಾರೆ. ಅಮ್ಮನಿಗೆ ಬೇಕಾದದ್ದೇ ಅದು.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನಿಗೆ ಆರು ವರ್ಷವಿದ್ದಾಗ ಮಂಗನಬಾವು ಬಂದಿತ್ತು. ಕೆನ್ನೆಯ ಬಾವು ವಾರದಲ್ಲಿ ಇಳಿಯಿತು, ಎಲ್ಲರೂ ಮರೆತೆವು. ಎರಡು ವರ್ಷದ ಮೇಲೆ ಒಂದು ದಿನ ಫೋನನ್ನು ಎಡಗಿವಿಗೆ ಹಿಡಿದುಕೊಂಡು, "ಫೋನ್ ಕೆಟ್ಟೋಗಿದೆ" ಎಂದ. ಫೋನು ಸರಿಯಾಗಿತ್ತು. ಮಂಗನಬಾವು ಹೀಗೆ ಒಂದು ಕಿವಿಯನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಒಂದು ಕಿವಿ ಇದ್ದರೂ ಮಾತೆಲ್ಲ ಕೇಳುತ್ತದೆ, ಆದರೆ ಸದ್ದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಎಡದಿಂದ ಬಂದ ಸದ್ದು ಬಲಗಿವಿಯನ್ನು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾಗಿ ಮುಟ್ಟುತ್ತದೆ, ಆ ಕೂದಲೆಳೆಯ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹಿಡಿಯುತ್ತದೆ. ಹೋಲಿಸಲು ಇನ್ನೊಂದು ಕಿವಿ ಇಲ್ಲದಿದ್ದರೆ ಹಾರನ್ನು ಎಲ್ಲ ಕಡೆಯಿಂದಲೂ ಬರುತ್ತದೆ. ಅವನನ್ನು ಕರೆದರೆ ಒಂದು ಸುತ್ತು ತಿರುಗಿ ನೋಡುತ್ತಾನೆ. ನಡೆಯುವಾಗ ಸದಾ ನಮ್ಮ ಎಡಗಡೆಗೆ ಬಂದು ನಿಲ್ಲುತ್ತಾನೆ, ನಾವು ಅವನ ಬಲಕ್ಕೆ ಬರಲಿ ಎಂದು.

ಹಾಡು ಸ್ಟೀರಿಯೋದಲ್ಲಿರುತ್ತದೆ. ಕೆಲವು ವಾದ್ಯ ಎಡಕ್ಕೆ, ಕೆಲವು ಬಲಕ್ಕೆ ಹಂಚಿರುತ್ತಾರೆ. ತಮ್ಮ ಇಷ್ಟು ವರ್ಷ ಕೇಳಿದ್ದು ಬಲಗಡೆಯ ಪಾಲು ಮಾತ್ರ. ಇದಕ್ಕೆ ದುಡ್ಡೇ ಬೇಡದ ಪರಿಹಾರ ಅವನ ಜೇಬಿನಲ್ಲೇ ಇತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗವಿದೆ, ಅದರೊಳಗೆ ಮೋನೋ ಆಡಿಯೋ ಎಂಬ ಗುಂಡಿ. ಅದನ್ನು ಒತ್ತಿದರೆ ಎಡಬಲ ಎರಡೂ ಸೇರಿ ಎರಡು ಕಿವಿಗೂ ಒಂದೇ ಧ್ವನಿ ಹೋಗುತ್ತದೆ. ಪಕ್ಕದಲ್ಲೇ ಧ್ವನಿಯನ್ನು ಎಡಕ್ಕೋ ಬಲಕ್ಕೋ ವಾಲಿಸುವ ಗೆರೆಯೊಂದಿದೆ, ಒಂದು ಕಿವಿ ಸ್ವಲ್ಪ ಮಂದವಾದವರಿಗೆ ಅದು ಉಪಯೋಗ. ಮೋನೋ ಒತ್ತಿ, ಅವನು ನೂರು ಸಲ ಕೇಳಿದ ಒಂದು ಹಳೆಯ ಸಿನಿಮಾ ಹಾಡು ಹಾಕಿಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ಇದ್ರಲ್ಲಿ ಕೊಳಲಿತ್ತಾ?" ಎಂದು ಕೇಳಿದ. ಇತ್ತು ಕಣೋ ಎಂದೆ. ಹಾಡು ಮುಗಿಯುವ ತನಕ ಅವನು ಮತ್ತೇನೂ ಮಾತಾಡಲಿಲ್ಲ.

ಕೊಳಲು ಸಿಕ್ಕಿತು, ಸರಿ. ಆದರೆ ತಮ್ಮ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ದಿನಕ್ಕೆ ಆರು ಗಂಟೆ ಆನ್‌ಲೈನ್ ಪಾಠ, ಭಾನುವಾರವೂ ಬಿಡುವಿಲ್ಲ. ವಾರಕ್ಕೆ 42 ಗಂಟೆ. 80 ಡೆಸಿಬೆಲ್‌ನಲ್ಲೇ ಕೇಳಿದರೂ ಮೇಲೆ ಹೇಳಿದ ಮಿತಿ ದಾಟಿತು. ಒಳಗಿವಿಯ ಶಂಖದೊಳಗೆ ಹದಿನೈದು ಸಾವಿರದಷ್ಟು ಸೂಕ್ಷ್ಮ ಕೋಶಗಳಿರುತ್ತವೆ, ಮೇಲೆ ಪುಟ್ಟ ಕೂದಲಿನಂಥ ರಚನೆ. ಸದ್ದು ಅವನ್ನು ಬಾಗಿಸಿದಾಗ ನಮಗೆ ಕೇಳುತ್ತದೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯನ್ನು ಹೀಗೆ ಸವೆಸಿಕೊಳ್ಳುವ ಅಪಾಯದಲ್ಲಿರುವ ಯುವಜನರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಎರಡು ಕಿವಿ. ತಮ್ಮನಿಗೆ ಇರುವುದು ಒಂದು, ಅದಕ್ಕೆ ಸ್ಪೇರ್ ಇಲ್ಲ. ಆದ್ದರಿಂದ ಅವನಿಗೆ ಕೊಂಡದ್ದು 449 ರೂಪಾಯಿಯ ವೈರಿನ ಇಯರ್‌ಫೋನ್, ಬೇಸ್ ಕಡಿಮೆ ಇದ್ದು ಮಾತು ಸ್ಪಷ್ಟ ಕೇಳುವಂಥದ್ದು. ಮಾತು ಸ್ಪಷ್ಟವಿದ್ದರೆ ವಾಲ್ಯೂಮ್ ಏರಿಸುವ ಆಸೆ ಹುಟ್ಟುವುದಿಲ್ಲ. ನಿಶ್ಶಬ್ದ ಕೋಣೆಯಲ್ಲಿ ಅರ್ಧಕ್ಕಿಂತ ಕೆಳಗೆ ಇಡುವುದು, ಗಂಟೆಗೊಮ್ಮೆ ತೆಗೆಯುವುದು, ರಸ್ತೆಯಲ್ಲಿ ಹಾಕುವುದೇ ಬೇಡ ಎಂದು ಕರಾರು. ಕೇಳುವ ಒಂದು ಕಿವಿಯನ್ನೂ ಮುಚ್ಚಿಕೊಂಡು ರಸ್ತೆ ದಾಟುವುದೆಂದರೆ ಕಣ್ಣು ಕಟ್ಟಿಕೊಂಡು ದಾಟಿದ ಹಾಗೆ.

ಉಳಿದದ್ದು ಅಪ್ಪ. ಅಪ್ಪನಿಗೆ ಅಂದು ಏನನ್ನೂ ಕೊಳ್ಳಲಿಲ್ಲ. ಅಂಗಡಿಯ ಹುಡುಗ, "ಅಂಕಲ್‌ಗೆ ಜೋರಾಗಿ ಕೇಳೋದು ಬೇಕಾ? ಎಕ್ಸ್‌ಟ್ರಾ ಬೇಸ್ ತಗೊಳ್ಳಿ ಮೇಡಂ, ತಲೆ ಅದುರುತ್ತೆ" ಎಂದ. ಅಪ್ಪನ ತಲೆ ಸಾಕಷ್ಟು ಅದುರಿಯಾಗಿದೆ.

ನಲವತ್ತು ವರ್ಷ ಅಪ್ಪ ವಿದ್ಯುತ್ ಮಗ್ಗ ನಡೆಸಿದ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಯ ಮುಂದಿನ ಅಂಕಣದಲ್ಲೇ ಮಗ್ಗ, ಹಿಂದೆ ಸಂಸಾರ. ಲಾಳಿ ಆ ಕಡೆ ಈ ಕಡೆ ಹೊಡೆಯುವ ಸದ್ದಿನಲ್ಲೇ ನಾವು ಹುಟ್ಟಿದ್ದು, ನಿದ್ದೆ ಮಾಡಿದ್ದು. ಕರೆಂಟು ಹೋಗಿ ಸದ್ದು ನಿಂತರೆ ಮಕ್ಕಳಿಗೆ ಎಚ್ಚರವಾಗುತ್ತಿತ್ತು. ಇಂಥ ಮಗ್ಗದ ಮನೆಯೊಳಗೆ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವಾರಕ್ಕೆ ನಾಲ್ಕು ಗಂಟೆಯ ಸದ್ದನ್ನು ಅಪ್ಪ ದಿನಕ್ಕೆ ಹತ್ತು ಗಂಟೆ ಕೇಳಿದ್ದಾನೆ. ಅಲ್ಲಿ ಮಾತಾಡಿದರೆ ಯಾರಿಗೂ ಕೇಳದು, ಹಾಗಾಗಿ ಮಗ್ಗದವರೆಲ್ಲ ತುಟಿ ಅಗಲಿಸಿ, ಕೈ ಆಡಿಸಿ ಮಾತಾಡುತ್ತಿದ್ದರು. ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಕೆಲಸಗಾರರೂ ಹೀಗೇ ಮಾಡುತ್ತಿದ್ದರು, ಅದಕ್ಕೆ ಅಲ್ಲಿ ‘ಮೀ-ಮಾಯಿಂಗ್’ ಎಂಬ ಹೆಸರೇ ಇತ್ತು ಎಂದು ಎಲ್ಲೋ ಓದಿ ಅಪ್ಪನಿಗೆ ಹೇಳಿದಾಗ, "ಮಗ್ಗ ಇದ್ದ ಕಡೆ ಎಲ್ಲ ಅಷ್ಟೇ ಕಣವ್ವ" ಎಂದಿದ್ದ.

ಈ ತುಟಿ ಓದುವ ವಿದ್ಯೆಯಿಂದಲೇ ಅಪ್ಪನ ಕಿವಿ ಹೋಗುತ್ತಿರುವುದು ನಮಗೆ ಬಹಳ ವರ್ಷ ತಿಳಿಯಲಿಲ್ಲ. 2020ರಲ್ಲಿ ಊರೆಲ್ಲ ಮಾಸ್ಕ್ ಹಾಕಿಕೊಂಡಿತು. ಅಂದಿನಿಂದ ಅಪ್ಪನಿಗೆ ಹಾಲಿನವನ ಮಾತು ತಿಳಿಯದು, ಔಷಧಿ ಅಂಗಡಿಯವನ ಮಾತು ತಿಳಿಯದು. ಮಾಸ್ಕ್ ಎಲ್ಲರ ಬಾಯಿ ಮುಚ್ಚಿದ ಮೇಲೆ ಅಪ್ಪನ ಕಿವಿ ಬಯಲಾಯಿತು.

ಒಂದು ಸಂಜೆ ಅಮ್ಮ ಒಳಗಿನಿಂದ, "ಚಿಕ್ಕಪ್ಪನ ಮನೆಯವ್ರು ಪಾಲು ಕೇಳ್ತಾವ್ರಂತೆ" ಎಂದಳು. ಅಪ್ಪ, "ಅದಕ್ಕೇನಂತೆ, ಅರ್ಧ ಲೀಟರ್ ಕೊಟ್ಟು ಕಳ್ಸು" ಎಂದ. ಮನೆಯೆಲ್ಲ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅಪ್ಪನೂ ನಕ್ಕ. ತಿಳಿದ ಮೇಲೆ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಹಿಂದೂಪುರದ ಅತ್ತೆಯ ಭಾನುವಾರದ ಫೋನು ಬಂದರೆ "ನೀವೇ ಮಾತಾಡ್ರಿ" ಎಂದು ನಮ್ಮ ಕೈಗೆ ಕೊಡುವುದು, ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯ ಕೊನೆಯಲ್ಲಿ ಕೂರುವುದು, ಅರಳಿಕಟ್ಟೆಗೆ ಹೋಗುವುದನ್ನೇ ಬಿಡುವುದು, ಒಂದೊಂದಾಗಿ ಶುರುವಾಯಿತು. ಮೆಲ್ಲಗೆ ಹೇಳಿದರೆ ಕೇಳುತ್ತಿರಲಿಲ್ಲ. ಜೋರಾಗಿ ಹೇಳಿದರೆ "ಯಾಕವ್ವ ಕಿರುಚ್ತೀಯ, ನನಗೇನು ಕಿವುಡಾ" ಎಂಬ ಸಿಟ್ಟು. ಎರಡೂ ನಿಜ ಎಂದು ತಿಳಿದದ್ದು ಕಿವಿ ಪರೀಕ್ಷೆಗೆ ಹೋದಾಗ.

ಮೂವರ ಸಾಮಾನು ಕೊಂಡು 2,053 ರೂಪಾಯಿ ಉಳಿದಿತ್ತು. ಅದರಲ್ಲಿ ಮೊದಲು ಅಪ್ಪನಿಗೂ ತಮ್ಮನಿಗೂ ಆಡಿಯೋಗ್ರಾಮ್ ಮಾಡಿಸಿದೆ, ತಲಾ ಆರುನೂರು. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ತಗ್ಗಿನ 250 ಹರ್ಟ್ಜ್‌ನಿಂದ ಕೀಚಲು 8000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ಕೇಳಿದಾಗ ಗುಂಡಿ ಒತ್ತಬೇಕು. ಫಲಿತಾಂಶ ಚೌಕುಳಿ ಹಾಳೆಯ ಮೇಲೆ ಬರುತ್ತದೆ, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಸೀರೆಯ ಡಿಸೈನ್ ಗ್ರಾಫ್ ನೋಡುವ ಹಾಗೆ ನೋಡಿದ. "ಇಲ್ಲೀತನಕ ಸರಿಯಾಗ್ ಬಂದು ಇಲ್ಲಿ ಬಿದ್ದೋಗಿದೆ" ಎಂದು ಬೆರಳಿಟ್ಟ. ಬೆರಳಿಟ್ಟದ್ದು 4000 ಹರ್ಟ್ಜ್ ಮೇಲೆ. ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಕುಸಿಯುವುದು ಸುಮಾರು ಅಲ್ಲೇ ಎಂದು ಆಡಿಯಾಲಜಿಸ್ಟ್ ಹೇಳಿದರು.

ಹಾಲು, ಪಾಲು, ಸಾಲು, ಕಾಲು. ಈ ನಾಲ್ಕು ಮಾತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಆ, ಉ ಸ್ವರಗಳು ದಪ್ಪ, ಅವುಗಳ ಬಲವೆಲ್ಲ ತಗ್ಗಿನ ಹರ್ಟ್ಜ್‌ನಲ್ಲಿ. ಅಪ್ಪನಿಗೆ ಅವು ಚೆನ್ನಾಗಿ ಕೇಳುತ್ತವೆ. ಮಾತನ್ನು ಬೇರೆ ಬೇರೆ ಮಾಡುವ ಮೊದಲಿನ ವ್ಯಂಜನ ತೆಳು, ಕ್ಷಣಿಕ, ಸ ಕಾರದಂಥದ್ದು ಇರುವುದೇ ಮೇಲಿನ ಹರ್ಟ್ಜ್‌ಗಳಲ್ಲಿ. ಅಪ್ಪನಿಗೆ ಯಾರೋ ಮಾತಾಡಿದ್ದು ಕೇಳುತ್ತದೆ, ಏನು ಮಾತಾಡಿದ್ದು ಎಂಬುದು ಕೇಳುವುದಿಲ್ಲ. ನಾವು ಕೂಗಿದಾಗ ಜೋರಾಗುವುದು ಸ್ವರವೇ ಹೊರತು ವ್ಯಂಜನವಲ್ಲ. ಹಾಳಾದ ಕಿವಿಗೆ ಮೆಲ್ಲನೆಯದು ಮುಟ್ಟುವುದಿಲ್ಲ, ಜೋರಾದದ್ದು ಬೇಗ ಕರ್ಕಶವಾಗುತ್ತದೆ. ನಡುವೆ ಉಳಿದಿರುವ ಜಾಗ ಕಿರಿದು. ಎಕ್ಸ್‌ಟ್ರಾ ಬೇಸ್ ಇಂಥವರಿಗೆ ಯಾಕೆ ಶತ್ರು ಎಂದು ಈಗ ತಿಳಿಯಿತಲ್ಲ. ಇರುವ ದಪ್ಪ ಸ್ವರವನ್ನೇ ಇನ್ನಷ್ಟು ದಪ್ಪ ಮಾಡಿ, ಅಳಿದುಳಿದ ವ್ಯಂಜನವನ್ನೂ ಅದು ಮುಚ್ಚಿಹಾಕುತ್ತದೆ.

"ಎಳೆ ಕಡಿದ್ರೆ ಗಂಟು ಹಾಕ್ಬೋದು. ಇದಕ್ಕೆ ಗಂಟು ಹಾಕೋಕಾಗಲ್ವಾ ತಾಯಿ?" ಎಂದು ಅಪ್ಪ ಕೇಳಿದ. ಆಗುವುದಿಲ್ಲ, ಆದರೆ ಹಿಯರಿಂಗ್ ಏಡ್ ಇದೆ ಎಂದು ಆಕೆ ಹೇಳಿದರು. ಅದು ಎಲ್ಲವನ್ನೂ ಜೋರು ಮಾಡುವುದಿಲ್ಲ. ಈ ಹಾಳೆ ನೋಡಿ, ಬಿದ್ದ ಕಡೆ ಮಾತ್ರ ಎತ್ತಿಕೊಡುತ್ತದೆ, ತಟ್ಟನೆ ಬಂದ ದೊಡ್ಡ ಸದ್ದನ್ನು ತಾನೇ ತಗ್ಗಿಸುತ್ತದೆ. ನಮಗೆ ಹೇಳಿದ ಬೆಲೆ ಒಂದು ಕಿವಿಗೆ ಹದಿನೆಂಟು ಸಾವಿರ. ಆದಾಯ ಕಡಿಮೆ ಇರುವವರಿಗೆ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಸಿಗುತ್ತದೆ, ವಿಚಾರಿಸಿ ಎಂದೂ ಹೇಳಿದರು. ಅಪ್ಪ ಬೆಲೆಗೆ ಹೆದರಲಿಲ್ಲ. "ಕಿವಿ ಮಿಷನ್ ಬ್ಯಾಡ" ಎಂದ, ಅಷ್ಟೇ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಕ್ಕಪಕ್ಕದ ಸೀಟಿನ ಹುಡುಗರನ್ನು ತೋರಿಸಿ, "ಇವ್ರು ಹಾಕ್ಕೊಂಡವ್ರಲ್ಲ, ಅಂಥದ್ದಾದ್ರೆ ಕೊಡ್ಸು" ಎಂದ.

ಕನ್ನಡಕ ಹಾಕಿದವರನ್ನು ನಾವು ಓದಿದವರು ಎನ್ನುತ್ತೇವೆ, ಕಿವಿಗೆ ಮಿಷನ್ ಹಾಕಿದವರನ್ನು ಕಿವುಡರು ಎನ್ನುತ್ತೇವೆ. ಆದರೆ ಕಿವಿಯಲ್ಲಿ ಬಿಳಿ ಬಡ್ ಇದ್ದರೆ ಯಾರೂ ಏನೂ ಎನ್ನುವುದಿಲ್ಲ. ಅಪ್ಪ ಹೇಳಿದ್ದರಲ್ಲಿ ದೊಡ್ಡ ವಿಷಯವೇ ಇದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್.ಡಿ.ಎ. ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೋ ಬಡ್‌ಗಳ ಒಂದು ತಂತ್ರಾಂಶಕ್ಕೆ ಹಿಯರಿಂಗ್ ಏಡ್ ಎಂದು ಅನುಮತಿ ಕೊಟ್ಟಿತು. ಹದಿನೆಂಟು ದಾಟಿದ, ಸಣ್ಣ ಮತ್ತು ಮಧ್ಯಮ ಮಟ್ಟದ ತೊಂದರೆ ಇರುವವರಿಗೆ. ಬಡ್‌ಗೂ ಮಿಷನ್‌ಗೂ ನಡುವಿನ ಗೋಡೆ ತೆಳುವಾಗುತ್ತಿದೆ. ಆದರೆ ಆ ಬಡ್‌ನ ಬೆಲೆ ಇಪ್ಪತ್ತು ಸಾವಿರಕ್ಕೂ ಮೇಲೆ, ಅದಕ್ಕೆ ತಕ್ಕ ಫೋನೂ ಬೇಕು. ನನ್ನ ಕೈಯಲ್ಲಿ ಉಳಿದಿದ್ದದ್ದು 853 ರೂಪಾಯಿ.

ಅಷ್ಟರಲ್ಲಿ ಆಗುವುದೊಂದಿತ್ತು. ಆಂಡ್ರಾಯ್ಡ್ ಫೋನಿಗೆ ಸೌಂಡ್ ಆಂಪ್ಲಿಫೈಯರ್ ಎಂಬ ಗೂಗಲ್ಲಿನ ಉಚಿತ ಆ್ಯಪ್ ಇದೆ. ಫೋನಿನ ಮೈಕು ಎದುರಿನವರ ಮಾತನ್ನು ಹಿಡಿಯುತ್ತದೆ, ತೆಳು ಸದ್ದನ್ನು ಎತ್ತಿ, ಹಿಂದಿನ ಗದ್ದಲ ಇಳಿಸಿ ಇಯರ್‌ಫೋನಿಗೆ ಕೊಡುತ್ತದೆ. ತಗ್ಗು ಸ್ವರ ಎಷ್ಟು, ಮೇಲಿನ ಸ್ವರ ಎಷ್ಟು ಎಂದು ನಾವೇ ಹೊಂದಿಸಬಹುದು. ಇದಕ್ಕೆ ಹುಡುಗರ ಥರದ ವೈರಿಲ್ಲದ ಬಡ್ ಹಾಕಿಕೊಟ್ಟರೆ ಅಪ್ಪನಿಗೆ ಖುಷಿಯಾಗುತ್ತಿತ್ತು. ಆದರೆ ಬ್ಲೂಟೂತ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ, ಅಗ್ಗದ ಬಡ್‌ನಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಹಾಡಿಗೆ ಅದು ಲೆಕ್ಕಕ್ಕಿಲ್ಲ. ತುಟಿ ನೋಡಿಕೊಂಡೇ ಮಾತು ಹಿಡಿಯುವ ಅಪ್ಪನಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ಇರುವುದೂ ಕೈ ತಪ್ಪುತ್ತದೆ. ಆದ್ದರಿಂದ ವೈರಿನದೇ, ಮಾತಿನ ಸ್ವರ ಮುಂದಿರುವ, ಮೈಕ್ ಇರುವ ಒಂದು ಇಯರ್‌ಫೋನ್ ತಂದೆ, 549 ರೂಪಾಯಿ. ಉಳಿದ 304ರಲ್ಲಿ ಬಸ್ ಚಾರ್ಜು, ಮೂವರ ತಿಂಡಿ.

ಮೇಜಿನ ಮೇಲೆ ಫೋನಿಟ್ಟು, ಅದರ ಮೈಕು ಅಮ್ಮನ ಕಡೆಗೆ ತಿರುಗಿಸಿ, ಆಡಿಯೋಗ್ರಾಮ್ ನೋಡಿಕೊಂಡು ಮೇಲಿನ ಸ್ವರವನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಅಪ್ಪ ಮೊದಲು ಕೇಳಿಸಿಕೊಂಡದ್ದು ಅಮ್ಮನ ಮಾತನ್ನಲ್ಲ. ಕೈಯಲ್ಲಿದ್ದ ಪೇಪರಿನ ಪುಟ ತಿರುವಿ, ನಿಲ್ಲಿಸಿ, ಮತ್ತೆ ತಿರುವಿ, "ಪೇಪರು ಇಷ್ಟು ಸದ್ದು ಮಾಡ್ತದಾ?" ಎಂದ. ಆ ಭಾನುವಾರ ಅತ್ತೆಯ ಜೊತೆ ಹನ್ನೊಂದು ನಿಮಿಷ ಮಾತಾಡಿದ. ಇದು ಹಿಯರಿಂಗ್ ಏಡ್ ಅಲ್ಲ ಎಂಬುದೂ ಬೇಗ ಗೊತ್ತಾಯಿತು. ಮದುವೆ ಮನೆಯಲ್ಲಿ ಓಲಗ, ಪಾತ್ರೆ, ಮಕ್ಕಳ ಕೂಗು ಎಲ್ಲ ಒಟ್ಟಿಗೆ ನುಗ್ಗಿ ಕಿತ್ತು ಜೇಬಿಗಿಟ್ಟುಕೊಂಡ. ಎದ್ದು ನಡೆದರೆ ಫೋನು ಮೇಜಿನಿಂದ ಜೊತೆಗೇ ಬರುತ್ತದೆ. ದಿನವಿಡೀ ಹಾಕಿಕೊಳ್ಳಲಾಗದು. ಮನೆಯೊಳಗೆ, ಎದುರೆದುರು ಕೂತು, ಒಬ್ಬರ ಜೊತೆ ಮಾತಾಡಲು ಸಾಕು. ಅಷ್ಟು ನಮಗೆ ಮೊದಲು ಇರಲಿಲ್ಲ.

ನಾಲ್ಕು ಜನಕ್ಕೆ ನಾಲ್ಕು ಥರದ್ದು ಬಂತು. ನಾಲ್ಕನ್ನೂ ಅದಲು ಬದಲು ಮಾಡಿದರೆ ಒಂದೂ ಒಬ್ಬರಿಗೂ ಆಗುವುದಿಲ್ಲ. ಅಂಗಡಿಯಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಉತ್ತರ ಸಿಗದಿರುವುದು ಇದಕ್ಕೇ. ಯಾರಿಗೆ, ಎಲ್ಲಿ ಕೂತು ಕೇಳುವುದಕ್ಕೆ, ಏನು ಕೇಳುವುದಕ್ಕೆ, ಅದರ ಜೊತೆಗೆ ಇನ್ನೇನು ಕೇಳಿಸಲೇಬೇಕು ಎಂದು ಮನೆಯಲ್ಲೇ ಕೂತು ಯೋಚಿಸಿಕೊಂಡು ಹೋದರೆ ಡಬ್ಬಿಯ ಮೇಲಿನ ಅಕ್ಷರಗಳಲ್ಲಿ ಮುಕ್ಕಾಲು ತಾವಾಗಿಯೇ ಅಳಿಸಿಹೋಗುತ್ತವೆ. ಮನೆಯಲ್ಲಿ ಯಾರಾದರೂ ಟಿವಿಯ ಸದ್ದು ಏರಿಸುತ್ತಿದ್ದರೆ, ಮಾತಿನ ನಡುವೆ ಸುಮ್ಮನೆ ನಗುತ್ತಿದ್ದರೆ, ಬಡ್‌ಗಿಂತ ಮೊದಲು ಆ ಆರುನೂರು ರೂಪಾಯಿಯ ಹಾಳೆ ಮಾಡಿಸಿ.

ಎರಡು ತಿಂಗಳ ಮೇಲೆ ಒಂದು ರಾತ್ರಿ, ಇಯರ್‌ಫೋನಿನ ವೈರನ್ನು ನೂಲು ಸುತ್ತುವಂತೆ ಬೆರಳಿಗೆ ಅಂದವಾಗಿ ಸುತ್ತುತ್ತಾ ಅಪ್ಪ, "ಆ ಡಾಕ್ಟ್ರಮ್ಮ ಹೇಳಿದ್ರಲ್ಲ, ಆ ಮಿಷನ್ನಿಗೆ ವೈರು ಇರಲ್ವಾ?" ಎಂದು ಕೇಳಿದ. ಇರಲ್ಲ ಎಂದೆ. ಮತ್ತೇನೂ ಕೇಳಲಿಲ್ಲ. ಎ.ಡಿ.ಐ.ಪಿ.ಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ತಮ್ಮ ಅರ್ಜಿ ಹಾಕಿದ್ದಾನೆ. ಅದು ಆಗದಿದ್ದರೆ ಇರಲಿ ಎಂದು ಅಮ್ಮ ಈ ತಿಂಗಳಿಂದ ಬೀದಿಯ ಚೀಟಿಗೆ ಸೇರಿದ್ದಾಳೆ.